ಮಾದರಿ ವಿಮಾನದ ಪೆಟ್ರೋಲ್ ಎಂಜಿನ್‌ಗೆ 2ಟಿ ಆಯಿಲ್: ಆಯ್ಕೆಯಿಂದ ಬೆರಕೆಯವರೆಗೆ

ಪೆಟ್ರೋಲ್‌ನಲ್ಲಿ ಓಡುವ ಟೂ ಸ್ಟ್ರೋಕ್ ಎಂಜಿನ್ ಕೂರಿಸಿದ ಮಾದರಿ ವಿಮಾನವನ್ನು ಹೊಸದಾಗಿ ಕೊಂಡವರು ಮೊದಲು ಕೇಳುವುದು "ಪೆಟ್ರೋಲ್‌ಗೆ ಬೆರೆಸಲು ಯಾವ ಕಂಪನಿಯ 2ಟಿ (ಟೂ ಸ್ಟ್ರೋಕ್) ಆಯಿಲ್ ಹಾಕಬೇಕು?" ಎಂದು. ಹಾರಾಟದ ಮೈದಾನದಲ್ಲಿ ಈ ಪ್ರಶ್ನೆಗೆ ಹತ್ತು ಮಂದಿ ಹತ್ತು ಹೆಸರು ಹೇಳುತ್ತಾರೆ, ಪ್ರತಿಯೊಬ್ಬರ ಎಂಜಿನ್ ಕೂಡ ಓಡುತ್ತಲೇ ಇರುತ್ತದೆ. ಹೊಸಬರ ಗೊಂದಲ ಇದರಿಂದ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕಂಪನಿಯ ಹೆಸರಿಗಿಂತ ಮೊದಲು ನೋಡಬೇಕಾದ ಸಂಗತಿಗಳು ಮೂರು: ಡಬ್ಬಿಯ ಹಿಂಬದಿಯಲ್ಲಿ ಯಾವ ದರ್ಜೆ ಮುದ್ರಿತವಾಗಿದೆ, ಎಂಜಿನ್ ತಯಾರಕರು ಎಷ್ಟು ಪ್ರಮಾಣ ಹೇಳಿದ್ದಾರೆ, ಆಯಿಲನ್ನು ಬೆರೆಸಲಿರುವ ಪೆಟ್ರೋಲ್‌ನಲ್ಲಿ ಏನಿದೆ. ಈ ಮೂರನ್ನು ಸರಿಯಾಗಿ ನೋಡಿಕೊಂಡವರಿಗೆ ಒಳ್ಳೆಯ ಆಯಿಲ್ ಶಿವಮೊಗ್ಗದಲ್ಲೂ ಸಿಗುತ್ತದೆ, ಶಿರಸಿಯಲ್ಲೂ ಸಿಗುತ್ತದೆ.

ವಿವರಣೆಗೆ ಹವ್ಯಾಸಿಗಳಿಗೆ ಚೆನ್ನಾಗಿ ಪರಿಚಿತವಾದ ಡಿಎಲ್‌ಇ ಕಂಪನಿಯ 30 ಮತ್ತು 55 ಸಿಸಿ ಎಂಜಿನ್‌ಗಳನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೇರೆ ತಯಾರಕರ ಎಂಜಿನ್‌ಗಳಿಗೂ ಕ್ರಮ ಇದೇ, ಪ್ರಮಾಣ ಮಾತ್ರ ಬದಲಾಗಬಹುದು.

ಆಯಿಲ್ ಮಾಡಬೇಕಾದ ಕೆಲಸ

ಕಾರು ಅಥವಾ ಈಗಿನ ಬೈಕಿನ ಎಂಜಿನ್‌ನಲ್ಲಿ ಆಯಿಲ್‌ಗೆ ಪ್ರತ್ಯೇಕ ಜಾಗವಿರುತ್ತದೆ. ನಮ್ಮ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಅದಿಲ್ಲ. ಪೆಟ್ರೋಲ್, ಗಾಳಿ ಮತ್ತು ಆಯಿಲ್ ಮೂರೂ ಒಟ್ಟಿಗೆ ಕಾರ್ಬ್ಯುರೇಟರ್ ದಾಟಿ ಕ್ರ್ಯಾಂಕ್‌ಕೇಸ್‌ಗೆ ಬರುತ್ತವೆ. ಅಲ್ಲಿನ ಬಿಸಿಗೆ ಪೆಟ್ರೋಲ್ ಆವಿಯಾಗುತ್ತದೆ, ಆಯಿಲ್ ತೆಳುವಾದ ಪದರವಾಗಿ ಕ್ರ್ಯಾಂಕ್‌ನ ಬೇರಿಂಗ್‌ಗಳು, ಕನೆಕ್ಟಿಂಗ್ ರಾಡ್‌ನ ಎರಡೂ ತುದಿಯ ನೀಡಲ್ ಬೇರಿಂಗ್‌ಗಳು, ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್‌ನ ಗೋಡೆಯ ಮೇಲೆ ಕೂರುತ್ತದೆ. ಬಳಿಕ ಅದೇ ಆಯಿಲ್ ಮೇಲಕ್ಕೆ ಸಾಗಿ ಪೆಟ್ರೋಲ್ ಜೊತೆ ಉರಿದುಹೋಗಬೇಕು. ಕೆಳಗಿರುವಾಗ ಲೋಹವನ್ನು ಬಿಡದೆ ಹಿಡಿದುಕೊಳ್ಳಬೇಕು, ಮೇಲೆ ಹೋದಾಗ ಮಸಿ ಉಳಿಸದೆ ಸುಟ್ಟುಹೋಗಬೇಕು ಎಂಬ ಈ ಎರಡು ಬೇಡಿಕೆಗಳು ಒಂದಕ್ಕೊಂದು ವಿರುದ್ಧವಾಗಿರುವುದರಿಂದ, ಯಾವುದೋ ಒಂದು ಎಣ್ಣೆ ಸುರಿದರೆ ಸಾಕು ಎನ್ನುವ ಹಾಗಿಲ್ಲ.

ಇದರ ಮೇಲೆ ನಮ್ಮ ಎಂಜಿನ್ ಗಾಳಿಯಿಂದಷ್ಟೇ ತಣಿಯುತ್ತದೆ. ಹಾರಾಟದ ವಿಮಾನದಲ್ಲಿ ಅದು ಒಮ್ಮೆ ಪೂರ್ತಿ ವೇಗದಲ್ಲಿ ಮೇಲೇರುತ್ತದೆ, ಮರುಕ್ಷಣ ಐಡಲ್‌ಗೆ, ಅಂದರೆ ಕನಿಷ್ಠ ವೇಗಕ್ಕೆ, ಇಳಿದು ತಣ್ಣಗೆ ಜಾರುತ್ತದೆ. ಮುಂದೆ ಆಯಿಲ್‌ನ ವಿಧ ಆರಿಸುವಾಗ ಈ ಏರಿಳಿತವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಡಬ್ಬಿಯ ಹಿಂಬದಿಯನ್ನು ಓದುವುದು

ಅಂಗಡಿಯಲ್ಲಿ ಡಬ್ಬಿಯನ್ನು ಕೈಗೆ ತೆಗೆದುಕೊಂಡ ಮೇಲೆ ಮುಂಬದಿಯಲ್ಲಿರುವ ರೇಸ್ ಬೈಕಿನ ಚಿತ್ರವನ್ನೂ ದೊಡ್ಡ ಅಕ್ಷರದ ಹೊಗಳಿಕೆಯನ್ನೂ ಬಿಟ್ಟು, ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಜಾಸೊ ಎಂಬ ಹೆಸರನ್ನು ಹುಡುಕಿ. ಇದು ಜಪಾನಿನ ವಾಹನ ಗುಣಮಟ್ಟ ಸಂಸ್ಥೆಯ ಗುರುತು. ಟೂ ಸ್ಟ್ರೋಕ್ ಆಯಿಲ್‌ಗೆ ಅದರ ಎಂ345 ಎಂಬ ಮಾನದಂಡ ಅನ್ವಯಿಸುತ್ತದೆ. ಎಫ್‌ಬಿ, ಎಫ್‌ಸಿ, ಎಫ್‌ಡಿ ಎಂಬ ಮೂರು ದರ್ಜೆಗಳು ಈಗ ನಮಗೆ ಮುಖ್ಯ. ಎಫ್‌ಎ ಹಳೆಯದು, ಅದನ್ನು ಮರೆತುಬಿಡಬಹುದು.

ಈ ದರ್ಜೆಗಳನ್ನು ಹೇಗೆ ಕೊಡುತ್ತಾರೆ ಎಂಬುದು ಗೊತ್ತಿದ್ದರೆ ಆಯ್ಕೆ ಸುಲಭವಾಗುತ್ತದೆ. ಹೋಂಡಾ ಡಿಯೋ ಸ್ಕೂಟರಿನ ಎಂಜಿನ್ ಮತ್ತು ಸುಜುಕಿಯ ಒಂದು ಜನರೇಟರ್ ಎಂಜಿನ್‌ನಲ್ಲಿ ಆಯಿಲನ್ನು ಓಡಿಸಿ, ಜಾಟ್ರೆ-1 ಎಂಬ ಮಾದರಿ ಆಯಿಲ್‌ಗೆ 100 ಅಂಕ ಎಂದಿಟ್ಟುಕೊಂಡು ಹೋಲಿಸುತ್ತಾರೆ. ಜಾರುಗುಣದಲ್ಲಿ ಎಫ್‌ಬಿ, ಎಫ್‌ಸಿ, ಎಫ್‌ಡಿ ಮೂರೂ ದಾಟಬೇಕಾದ ಗೆರೆ ಒಂದೇ, 95. ಹೊಗೆಯ ಪರೀಕ್ಷೆಯಲ್ಲಿ ಎಫ್‌ಬಿಗೆ 45 ಸಾಕು, ಎಫ್‌ಸಿ ಮತ್ತು ಎಫ್‌ಡಿಗೆ 85 ಬೇಕು. ಸೈಲೆನ್ಸರ್ ಕಟ್ಟಿಕೊಳ್ಳುವ ಪರೀಕ್ಷೆಯಲ್ಲಿ ಎಫ್‌ಬಿಗೆ 45, ಉಳಿದೆರಡಕ್ಕೆ 90. ಪಿಸ್ಟನ್ ಮತ್ತು ರಿಂಗನ್ನು ಸ್ವಚ್ಛವಾಗಿಡುವ ಗುಣದಲ್ಲಿ ಎಫ್‌ಬಿಗೆ 85, ಎಫ್‌ಸಿಗೆ 95, ಎಫ್‌ಡಿಗೆ 125.

ಈ ಅಂಕಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಎಫ್‌ಸಿಗಿಂತ ಎಫ್‌ಡಿ ಹೆಚ್ಚು ಜಾರುತ್ತದೆ ಎಂದು ಅನೇಕರು ನಂಬಿದ್ದಾರೆ, ಆದರೆ ಮಾನದಂಡ ಹಾಗೆ ಹೇಳುವುದಿಲ್ಲ. ಎಫ್‌ಡಿಯ ಹೆಚ್ಚುಗಾರಿಕೆ ಇರುವುದು ಸ್ವಚ್ಛತೆಯಲ್ಲಿ. ನಮ್ಮ ಬಗೆಯ ಎಂಜಿನ್‌ನಲ್ಲಿ ರಿಂಗ್ ತನ್ನ ತೋಡಿನಲ್ಲಿ ಮಸಿಯಿಂದ ಅಂಟಿಕೊಂಡರೆ ಕಂಪ್ರೆಶನ್ ಇಳಿಯುತ್ತದೆ, ಬಿಸಿ ಏರುತ್ತದೆ, ಕೊನೆಗೆ ಪಿಸ್ಟನ್ ಸಿಲಿಂಡರಿನಲ್ಲಿ ಸಿಕ್ಕಿಕೊಂಡು ಎಂಜಿನ್ ಸೀಜ್ ಆಗುತ್ತದೆ. ಆದ್ದರಿಂದ ಸ್ವಚ್ಛತೆಗೆ ಹೆಚ್ಚು ಬೆಲೆ ಕೊಟ್ಟು ನಾನು ಎಫ್‌ಡಿಯನ್ನೇ ಸೂಚಿಸುತ್ತೇನೆ. ಅದು ಸಿಗದಿದ್ದರೆ ಎಫ್‌ಸಿ ಧಾರಾಳವಾಗಿ ಸಾಕು. ಎಫ್‌ಬಿಯನ್ನು ತೀರಾ ಅನಿವಾರ್ಯವಾದಾಗ ಮಾತ್ರ ಬಳಸಿ.

ಕೆಲವು ಡಬ್ಬಿಗಳಲ್ಲಿ ಜಾಸೊ ಬದಲು ಐಎಸ್‌ಒ-ಎಲ್-ಇಜಿಬಿ, ಇಜಿಸಿ, ಇಜಿಡಿ ಎಂದಿರುತ್ತದೆ. ಇವು ಕ್ರಮವಾಗಿ ಎಫ್‌ಬಿ, ಎಫ್‌ಸಿ, ಎಫ್‌ಡಿಗೆ ಹತ್ತಿರದವು. ಎಪಿಐ ಟಿಸಿ ಎಂಬ ಅಮೆರಿಕದ ದರ್ಜೆ ಹಳೆಯದಾದರೂ ಗಾಳಿಯಿಂದ ತಣಿಯುವ ಎಂಜಿನ್‌ಗೆ ಸಲ್ಲುವಂಥದ್ದೇ. ಇಷ್ಟರಲ್ಲಿ ಯಾವುದೂ ಇಲ್ಲದೆ ಬರೀ "ಉತ್ಕೃಷ್ಟ 2ಟಿ ಆಯಿಲ್" ಎಂದು ಬರೆದಿದ್ದರೆ ಡಬ್ಬಿಯನ್ನು ಮರಳಿ ಶೆಲ್ಫಿನಲ್ಲಿಡಿ. ಆಯಿಲ್‌ನ ಕೆಂಪು, ಹಸಿರು, ನೀಲಿ ಬಣ್ಣಗಳು ಗುಣಮಟ್ಟವನ್ನು ಸೂಚಿಸುವುದಿಲ್ಲ. ಬೆರೆಸಿದ ಪೆಟ್ರೋಲ್ ಯಾವುದು, ಬೆರೆಸದ್ದು ಯಾವುದು ಎಂದು ಗುರುತಿಸಲಷ್ಟೇ ಅವು.

ಬಳಸಬಾರದ ಆಯಿಲ್‌ಗಳು

ಟಿಸಿ-ಡಬ್ಲ್ಯೂ3 ಎಂಬ ಗುರುತಿರುವ ಆಯಿಲ್ ದೋಣಿಗಳ ಔಟ್‌ಬೋರ್ಡ್ ಎಂಜಿನ್‌ಗೆ ಮಾಡಿದ್ದು. ಮಲ್ಪೆ, ಮಂಗಳೂರಿನಂಥ ಮೀನುಗಾರಿಕೆ ಊರುಗಳ ಅಂಗಡಿಗಳಲ್ಲಿ ಇದು ಎದುರಾಗಬಹುದು, ಅದೂ 2ಟಿ ಆಯಿಲ್ ಎಂಬ ಹೆಸರಿನಲ್ಲೇ. ನೀರಿನಿಂದ ತಣಿಯುವ ಆ ಎಂಜಿನ್‌ಗಳು ನಮ್ಮವುಗಳಷ್ಟು ಬಿಸಿಯಾಗುವುದಿಲ್ಲ. ಹಾಗಾಗಿ ಆ ಆಯಿಲ್ ತನ್ನ ಕೆಲಸಕ್ಕೆ ಒಳ್ಳೆಯದೇ ಆಗಿದ್ದರೂ ಗಾಳಿಯಿಂದ ತಣಿಯುವ ಸಿಲಿಂಡರಿನ ಬಿಸಿಗೆ ತಕ್ಕುದಲ್ಲ.

ಕಾರು, ಬೈಕಿನ ಫೋರ್ ಸ್ಟ್ರೋಕ್ ಎಂಜಿನ್ ಆಯಿಲನ್ನು ಎಂದೂ ಬೆರೆಸಬೇಡಿ. ಅದು ಉರಿದುಹೋಗಲೆಂದು ಮಾಡಿದ್ದಲ್ಲ, ಅದರಲ್ಲಿರುವ ಲೋಹಾಂಶದ ಸೇರ್ಪಡೆಗಳು ಪ್ಲಗ್‌ನ ಮೇಲೂ ಪಿಸ್ಟನ್‌ನ ಮೇಲೂ ಬೂದಿಯಾಗಿ ಕೂರುತ್ತವೆ. ಮೆಥನಾಲ್‌ನಲ್ಲಿ ಓಡುವ ಗ್ಲೋ ಎಂಜಿನ್‌ಗೆ ಬಳಸಿ ಉಳಿದ ಆಯಿಲ್ ಮನೆಯಲ್ಲಿದ್ದರೆ ಅದನ್ನೂ ಇಲ್ಲಿಗೆ ತರಬೇಡಿ. ಅವುಗಳಲ್ಲಿ ಹಲವು ಪೆಟ್ರೋಲ್‌ನಲ್ಲಿ ಕರಗುವುದೇ ಇಲ್ಲ. ಸಾದಾ ಹರಳೆಣ್ಣೆಯೂ ಪೆಟ್ರೋಲ್ ಜೊತೆ ಸರಿಯಾಗಿ ಬೆರೆಯುವುದಿಲ್ಲ. ಬೆರೆಯುವಂತೆ ಸಂಸ್ಕರಿಸಿದ ಹರಳೆಣ್ಣೆ ಮೂಲದ ರೇಸಿಂಗ್ ಆಯಿಲ್‌ಗಳು ಇವೆಯಾದರೂ, ಅವು ಬಿಡುವ ಅಂಟು ಮಸಿಯನ್ನು ಆಗಾಗ ಬಿಚ್ಚಿ ತೊಳೆಯುವ ತಾಳ್ಮೆ ಇದ್ದವರಿಗೆ ಮಾತ್ರ ಅವು ಸರಿ.

ಮಿನರಲ್, ಸೆಮಿ ಸಿಂಥೆಟಿಕ್, ಸಿಂಥೆಟಿಕ್

ಕಚ್ಚಾ ತೈಲದಿಂದ ನೇರವಾಗಿ ಸಂಸ್ಕರಿಸಿದ್ದು ಮಿನರಲ್, ರಾಸಾಯನಿಕವಾಗಿ ತಯಾರಿಸಿದ್ದು ಸಿಂಥೆಟಿಕ್, ಎರಡರ ಬೆರಕೆ ಸೆಮಿ ಸಿಂಥೆಟಿಕ್. ದರ್ಜೆ ಒಂದೇ ಆಗಿದ್ದಾಗ ಸಿಂಥೆಟಿಕ್ ಆಯಿಲ್ ಸಾಮಾನ್ಯವಾಗಿ ಕಡಿಮೆ ಹೊಗೆ, ಕಡಿಮೆ ಮಸಿ ಬಿಡುತ್ತದೆ. ರನ್ನಿಂಗ್-ಇನ್ (ಹೊಸ ಎಂಜಿನ್ ಪಳಗುವ ಮೊದಲ ಅವಧಿ) ಮುಗಿದ ಎಂಜಿನ್‌ಗೆ ಅದೇ ಸೂಕ್ತ. ರನ್ನಿಂಗ್-ಇನ್ ಅವಧಿಯ ಬಗ್ಗೆ ಅಭಿಪ್ರಾಯಭೇದವಿದೆ. ಹೊಸ ರಿಂಗ್ ಸಿಲಿಂಡರಿನ ಗೋಡೆಗೆ ಸರಿಯಾಗಿ ಕೂರಲು ಸ್ವಲ್ಪ ಉಜ್ಜಾಟ ಬೇಕು, ಸಿಂಥೆಟಿಕ್ ಅದಕ್ಕೆ ಅವಕಾಶ ಕೊಡುವುದಿಲ್ಲ, ಆದ್ದರಿಂದ ಮೊದಲು ಮಿನರಲ್ ಆಯಿಲ್ ಹಾಕಬೇಕು ಎಂಬುದು ಒಂದು ವಾದ. ಈಗಿನ ಸಿಲಿಂಡರ್‌ಗಳಿಗೆ ಆ ಚಿಂತೆ ಬೇಡ ಎಂಬುದು ಇನ್ನೊಂದು. ಕೈಪಿಡಿಯಲ್ಲಿ ಏನಾದರೂ ಹೇಳಿದ್ದರೆ ಅದೇ ಅಂತಿಮ. ಏನೂ ಹೇಳಿಲ್ಲದಿದ್ದರೆ, ಮೊದಲ ನಾಲ್ಕೈದು ಲೀಟರ್ ಮಿಶ್ರಣವನ್ನು ಎಫ್‌ಸಿ ದರ್ಜೆಯ ಮಿನರಲ್ ಅಥವಾ ಸೆಮಿ ಸಿಂಥೆಟಿಕ್ ಆಯಿಲ್‌ನಲ್ಲಿ ಮಾಡಿ, ಆಮೇಲೆ ಸಿಂಥೆಟಿಕ್‌ಗೆ ಬರುವುದು ಎರಡೂ ವಾದಗಳಿಗೆ ಸಲ್ಲುವ ದಾರಿ.

ಸಿಂಥೆಟಿಕ್ ಕೊಳ್ಳುವಾಗ ಅತಿ ದುಬಾರಿಯ ಶುದ್ಧ ರೇಸಿಂಗ್ ಆಯಿಲ್‌ನ ಆಸೆಗೆ ಬೀಳಬೇಡಿ. ಮೋಟೋಕ್ರಾಸ್ ಬೈಕಿನಂತೆ ಸದಾ ಕೆಂಡವಾಗಿ ತಿರುಗುವ ಎಂಜಿನ್‌ಗೆ ಮಾಡಿದ ಇಂಥ ಆಯಿಲ್ ಹೊತ್ತಿಕೊಳ್ಳಲು ಬಹಳ ಹೆಚ್ಚಿನ ಉಷ್ಣತೆ ಬೇಕು. ನಮ್ಮ ವಿಮಾನ ಐಡಲ್‌ನಲ್ಲಿ ಇಳಿಯುವಾಗ, ರನ್‌ವೇ ಅಂಚಿನಲ್ಲಿ ಸರದಿಗಾಗಿ ಕಾಯುವಾಗ ಆ ಉಷ್ಣತೆ ಸಿಗುವುದಿಲ್ಲ. ಉರಿಯದೆ ಉಳಿದ ಆಯಿಲ್ ಸೈಲೆನ್ಸರಿನಿಂದ ಕಪ್ಪು ಜಿಡ್ಡಾಗಿ ಸೋರಿ ವಿಮಾನದ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ. ಮೋಟುಲ್ ಕಂಪನಿಯ ಎರಡು ಆಯಿಲ್‌ಗಳನ್ನೇ ತೆಗೆದುಕೊಂಡರೆ, ರೇಸಿಂಗ್‌ಗೆಂದು ಮಾಡಿದ 800ಕ್ಕಿಂತ ಜಾಸೊ ಎಫ್‌ಡಿ ಮತ್ತು ಐಎಸ್‌ಒ-ಎಲ್-ಇಜಿಡಿ ದರ್ಜೆಯ 710 ನಮ್ಮ ಬಗೆಯ ಹಾರಾಟಕ್ಕೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲಿ ಹುಡುಕಬೇಕು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳು ರಸ್ತೆಯ ತುಂಬ ಇದ್ದ ಕಾಲದಲ್ಲಿ ಪೆಟ್ರೋಲ್ ಬಂಕ್‌ನಲ್ಲೇ 2ಟಿ ಆಯಿಲ್ ಬೆರೆಸಿ ಕೊಡುತ್ತಿದ್ದರು. ಟೂ ಸ್ಟ್ರೋಕ್ ಬೈಕು, ಆಟೋಗಳು ಮರೆಯಾದಂತೆ ಆ ಸೌಲಭ್ಯವೂ ಹೋಯಿತು. ಈಗ ಬಂಕ್‌ನಲ್ಲಿ ಸಣ್ಣ ಪೌಚ್ ಸಿಕ್ಕರೂ ಅದು ಹಳೆಯ ಸ್ಕೂಟರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾರುವ ಆಯಿಲ್ ಆಗಿರುವುದೇ ಹೆಚ್ಚು. ದರ್ಜೆ ನೋಡದೆ ಕೊಳ್ಳಬೇಡಿ.

ಕರ್ನಾಟಕದಲ್ಲಿರುವ ಹವ್ಯಾಸಿಗೆ ನಾನು ಮೊದಲು ತೋರಿಸುವ ಜಾಗ ಕೃಷಿ ಯಂತ್ರಗಳ ಅಂಗಡಿ. ಅಡಿಕೆ ತೋಟದ ಕಳೆ ಕೊಚ್ಚುವ ಯಂತ್ರ, ಕಾಫಿ ತೋಟದಲ್ಲಿ ಮರ ಕೊಯ್ಯುವ ಚೈನ್ ಸಾ, ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುವ ಪಂಪ್ ಇವುಗಳಲ್ಲಿ ಬಹುಪಾಲು ಗಾಳಿಯಿಂದ ತಣಿಯುವ ಟೂ ಸ್ಟ್ರೋಕ್ ಎಂಜಿನ್‌ಗಳು. ಮಾದರಿ ವಿಮಾನದ ಪೆಟ್ರೋಲ್ ಎಂಜಿನ್‌ಗಳು ಬೆಳೆದು ಬಂದದ್ದೂ ಇದೇ ವಂಶದಿಂದ. ಜಪಾನಿನ ಜೆನೋವಾ ಕಂಪನಿ ಎರಡೂ ಬಗೆಯ ಎಂಜಿನ್‌ಗಳನ್ನು ಮಾಡಿದೆ, ನಮ್ಮ ಎಂಜಿನ್‌ಗಳ ಮೇಲಿರುವ ವಾಲ್‌ಬ್ರೋ ಮಾದರಿಯ ಕಾರ್ಬ್ಯುರೇಟರ್ ಕೂಡ ಚೈನ್ ಸಾಗಳಲ್ಲಿ ಕಾಣುವಂಥದ್ದೇ. ಹಾಗಾಗಿ ಸಾಗರ, ಶಿರಸಿ, ತೀರ್ಥಹಳ್ಳಿ, ಪುತ್ತೂರು, ಚಿಕ್ಕಮಗಳೂರು, ಮಡಿಕೇರಿಯಂಥ ಊರುಗಳಲ್ಲಿ ಸ್ಟಿಲ್, ಹುಸ್ಕ್ವರ್ನಾ ಮುಂತಾದ ಕಂಪನಿಗಳ ಅಧಿಕೃತ ಮಾರಾಟಗಾರರ ಬಳಿ ಇರುವ ಆಯಿಲ್ ನಮಗೆ ಹತ್ತಿರದ ಸಂಬಂಧಿ. ಅಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಆಯಿಲ್ ಇದ್ದರೆ ಹಿಂಬದಿ ಓದಿ, ಮೇಲಿನ ದರ್ಜೆಯದನ್ನು ಆರಿಸಿ.

ಬೆಂಗಳೂರಿನಲ್ಲಿದ್ದರೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಬಹುದು. ಯೆಜ್ಡಿ, ಆರ್‌ಎಕ್ಸ್ 100 ಇಟ್ಟುಕೊಂಡವರು ಇನ್ನೂ ಇರುವುದರಿಂದ ಒಳ್ಳೆಯ 2ಟಿ ಆಯಿಲ್‌ಗೆ ಬೇಡಿಕೆ ಸತ್ತಿಲ್ಲ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಮಾರಾಟಗಾರ ಕಂಪನಿಯ ಅಧಿಕೃತ ಪ್ರತಿನಿಧಿಯೇ ಎಂದು ನೋಡಿ. ಡಬ್ಬಿ ಬಂದ ಮೇಲೆ ಮುಚ್ಚಳದ ಸೀಲ್, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕಗಳನ್ನು ಪರಿಶೀಲಿಸಿ. ಹೆಸರಾಂತ ಆಯಿಲ್‌ಗಳ ನಕಲಿ ಡಬ್ಬಿಗಳು ಮಾರುಕಟ್ಟೆಯಲ್ಲಿ ಇರುವುದರಿಂದ ಈ ಎಚ್ಚರಿಕೆ ಅಗತ್ಯ.

ಪೆಟ್ರೋಲ್‌ನಲ್ಲಿ ಏನಿದೆ ಎಂದು ತಿಳಿಯುವುದು

ಶೇಕಡ 20 ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಸಾಮಾನ್ಯ ಬಂಕ್‌ನಲ್ಲಿ ಸಿಗುವುದು ಅದೇ ಎಂದು ಭಾವಿಸಿಕೊಂಡೇ ಮುಂದುವರಿಯಬೇಕು. ಇದರಿಂದ ನಮಗೆ ಎರಡು ತೊಂದರೆಗಳಿವೆ. ಎಥನಾಲ್ ಉರಿಯಲು ಪೆಟ್ರೋಲ್‌ಗಿಂತ ಕಡಿಮೆ ಗಾಳಿ ಸಾಕಾಗುವುದರಿಂದ, ಕಾರ್ಬ್ಯುರೇಟರಿನ ನೀಡಲ್‌ನ (ಇಂಧನದ ಪ್ರಮಾಣ ಹೊಂದಿಸುವ ಸ್ಕ್ರೂ) ಹಳೆಯ ಹೊಂದಾಣಿಕೆಯಲ್ಲೇ ಓಡಿಸಿದರೆ ಎಂಜಿನ್ ಲೀನ್ ಆಗಿ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಾಗಿ, ಹೆಚ್ಚು ಬಿಸಿಯಾಗುತ್ತದೆ. ಎರಡನೆಯದು ಆಯಿಲ್‌ಗೆ ನೇರವಾಗಿ ಸಂಬಂಧಿಸಿದ್ದು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನೀರು ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಕೆಳಗೆ ಇಳಿದು, ಪೆಟ್ರೋಲ್ ಮತ್ತು ಆಯಿಲ್ ಮೇಲೆ ಉಳಿಯುತ್ತವೆ. ವಿಮಾನದ ಟ್ಯಾಂಕಿನಲ್ಲಿ ಇಂಧನ ಹೀರುವ ಕ್ಲಂಕ್ ಇರುವುದು ತಳದಲ್ಲಿ. ಅಂದರೆ ಎಂಜಿನ್‌ಗೆ ಮೊದಲು ಹೋಗುವುದು ಆಯಿಲ್ ಇಲ್ಲದ ದ್ರವ. ಎಷ್ಟೇ ಒಳ್ಳೆಯ ಆಯಿಲ್ ಕೊಂಡಿದ್ದರೂ ಆಗ ಅದು ಪ್ರಯೋಜನಕ್ಕೆ ಬರುವುದಿಲ್ಲ.

ಪೆಟ್ರೋಲ್‌ನಲ್ಲಿ ಎಥನಾಲ್ ಎಷ್ಟಿದೆ ಎಂದು ಮನೆಯಂಗಳದಲ್ಲೇ ನೋಡಬಹುದು. ಗೆರೆಗಳಿರುವ 100 ಮಿಲಿಲೀಟರಿನ ಗಾಜಿನ ಅಳತೆ ಜಾಡಿಯಲ್ಲಿ 10 ಮಿಲಿ ನೀರು ಹಾಕಿ, ಅದರ ಮೇಲೆ 90 ಮಿಲಿ ಪೆಟ್ರೋಲ್ ಸುರಿಯಿರಿ. ಬಾಯಿ ಮುಚ್ಚಿ ಅಲುಗಿಸಿ, ನಡುವೆ ಒಂದೆರಡು ಬಾರಿ ಮುಚ್ಚಳ ಸಡಿಲಿಸಿ ಆವಿ ಬಿಡಿ, ಆಮೇಲೆ ಹತ್ತು ನಿಮಿಷ ಅಲುಗಿಸದೆ ಇಡಿ. ಎಥನಾಲ್ ಇಲ್ಲದಿದ್ದರೆ ಕೆಳಗಿನ ಪದರ 10ರ ಗೆರೆಯಲ್ಲೇ ನಿಲ್ಲುತ್ತದೆ. ಇ20 ಆಗಿದ್ದರೆ ಎಥನಾಲ್ ನೀರಿಗೆ ಸೇರಿಕೊಂಡು ಆ ಪದರ 30ರ ಗೆರೆಯ ಸಮೀಪಕ್ಕೆ ಏರುತ್ತದೆ. ಎರಡು ಪದರಗಳ ನಡುವಿನ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಈ ಪರೀಕ್ಷೆಯನ್ನು ಬೆಂಕಿಯಿಂದ ದೂರ, ತೆರೆದ ಜಾಗದಲ್ಲಿ ಮಾಡಿ. ಪರೀಕ್ಷಿಸಿದ ಪೆಟ್ರೋಲನ್ನು ಎಂಜಿನ್‌ಗೆ ಹಾಕಬೇಡಿ.

ದೊಡ್ಡ ನಗರಗಳ ಕೆಲವು ಬಂಕ್‌ಗಳಲ್ಲಿ ಸಿಗುವ 100 ಆಕ್ಟೇನ್ ಪೆಟ್ರೋಲ್ ಸಾಕಷ್ಟು ದುಬಾರಿ. ಆಕ್ಟೇನ್ ದೃಷ್ಟಿಯಿಂದ ನಮ್ಮ ಎಂಜಿನ್‌ಗೆ ಅದು ಬೇಕಿಲ್ಲ. ಆದರೆ ಮೇಲಿನ ಪರೀಕ್ಷೆಯಲ್ಲಿ ಎಥನಾಲ್ ಕಾಣದಿದ್ದರೆ ಆ ಒಂದು ಕಾರಣಕ್ಕೇ ಅದನ್ನು ಕೊಳ್ಳಬಹುದು. ಒಂದು ದಿನದ ಹಾರಾಟಕ್ಕೆ ಬೇಕಾಗುವುದು ಒಂದೆರಡು ಲೀಟರ್ ಅಷ್ಟೇ.

ಪ್ರಮಾಣ ಮತ್ತು ಬೆರೆಸುವ ಕ್ರಮ

ಪ್ರಮಾಣವನ್ನು ನಿರ್ಧರಿಸುವ ಅಧಿಕಾರ ಎಂಜಿನ್ ತಯಾರಕರದು, ಆಯಿಲ್ ಕಂಪನಿಯದಲ್ಲ. ಕಳೆ ಯಂತ್ರದ ಆಯಿಲ್ ಡಬ್ಬಿಯ ಮೇಲೆ 50:1 (50 ಭಾಗ ಪೆಟ್ರೋಲ್‌ಗೆ ಒಂದು ಭಾಗ ಆಯಿಲ್) ಎಂದಿರಬಹುದು, ಅದು ಆ ಕಂಪನಿಯ ಯಂತ್ರಗಳಿಗೆ. ಡಿಎಲ್‌ಇ ತನ್ನ ಟೂ ಸ್ಟ್ರೋಕ್ ಎಂಜಿನ್‌ಗಳಿಗೆ 30:1 ಹೇಳುತ್ತದೆ, ನೀವು ಅದನ್ನೇ ಪಾಲಿಸಬೇಕು. ಮಾದರಿ ವಿಮಾನಗಳಿಗೆ ಸೈಟೋ ಕಂಪನಿ ಮಾಡುವ ಪೆಟ್ರೋಲ್ ಎಂಜಿನ್‌ಗಳು ಫೋರ್ ಸ್ಟ್ರೋಕ್ ಆದರೂ ಅವುಗಳಿಗೂ ಆಯಿಲ್ ಬೆರೆಸಿದ ಪೆಟ್ರೋಲ್ ಬೇಕು, ಅದೂ 20:1ರಷ್ಟು ದಟ್ಟವಾಗಿ.

ಲೆಕ್ಕ ಸರಳ. ಪೆಟ್ರೋಲ್‌ನ ಮಿಲಿಲೀಟರನ್ನು ಪ್ರಮಾಣದ ಮೊದಲ ಸಂಖ್ಯೆಯಿಂದ ಭಾಗಿಸಿದರೆ ಬೇಕಾದ ಆಯಿಲ್ ಸಿಗುತ್ತದೆ. ಒಂದು ಲೀಟರಿಗೆ 20:1ರಲ್ಲಿ 50 ಮಿಲಿ, 30:1ರಲ್ಲಿ 33 ಮಿಲಿ, 40:1ರಲ್ಲಿ 25 ಮಿಲಿ, 50:1ರಲ್ಲಿ 20 ಮಿಲಿ. ಐದು ಲೀಟರ್ ಕ್ಯಾನ್‌ಗೆ 30:1ರಲ್ಲಿ 167 ಮಿಲಿ ಬೇಕು. ಸೂಜಿಯಿಲ್ಲದ 50 ಮಿಲಿ ಸಿರಿಂಜ್ ಒಂದನ್ನು ಮೆಡಿಕಲ್ ಅಂಗಡಿಯಿಂದ ತಂದು ಇದಕ್ಕೇ ಮೀಸಲಿಡಿ. ಬಾಟಲಿ ಮುಚ್ಚಳದಲ್ಲಿ ಅಂದಾಜು ಅಳೆಯುವ ಅಭ್ಯಾಸ ಬೇಡ.

ಬಂಕ್‌ನಿಂದ ಪೆಟ್ರೋಲ್ ತರಲು ಇಂಧನಕ್ಕೆಂದೇ ಮಾಡಿದ ಲೋಹದ ಅಥವಾ ದಪ್ಪ ಪ್ಲಾಸ್ಟಿಕ್ ಕ್ಯಾನ್ ಬಳಸಿ, ನೀರಿನ ಬಾಟಲಿ ಖಂಡಿತ ಬೇಡ. ತುಂಬಿಸುವಾಗ ಕ್ಯಾನ್ ವಾಹನದೊಳಗಿರದೆ ನೆಲದ ಮೇಲಿರಲಿ. ಬೆರೆಸಲು ಬೇರೊಂದು ಸ್ವಚ್ಛ ಕ್ಯಾನ್‌ಗೆ ಮೊದಲು ಅರ್ಧದಷ್ಟು ಪೆಟ್ರೋಲ್ ಹಾಕಿ, ಅಳೆದ ಆಯಿಲನ್ನು ಪೂರ್ತಿ ಸೇರಿಸಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ, ಉಳಿದ ಪೆಟ್ರೋಲ್ ಸೇರಿಸಿ ಮತ್ತೆ ಕುಲುಕಿ. ಕ್ಯಾನ್‌ನ ಮೇಲೆ ಪ್ರಮಾಣ, ಆಯಿಲ್‌ನ ಹೆಸರು ಮತ್ತು ದಿನಾಂಕ ಬರೆದ ಚೀಟಿ ಅಂಟಿಸಿ. ಬೆರೆಸದ ಪೆಟ್ರೋಲ್ ಎಂಜಿನ್‌ಗೆ ಹೋದರೆ ಅದು ಹಾಳಾಗಲು ಹೆಚ್ಚು ಹೊತ್ತು ಬೇಡ. ವಿಮಾನದ ಟ್ಯಾಂಕಿನ ಕೊಳವೆ ಪೆಟ್ರೋಲ್‌ಗೆ ತಾಳುವ ಟೈಗಾನ್ ಅಥವಾ ವಿಟಾನ್ ಬಗೆಯದಾಗಿರಬೇಕು. ಗ್ಲೋ ಎಂಜಿನ್‌ಗೆ ಬಳಸುವ ಸಿಲಿಕೋನ್ ಕೊಳವೆ ಪೆಟ್ರೋಲ್‌ನಲ್ಲಿ ಉಬ್ಬಿ ಮೆತ್ತಗಾಗುತ್ತದೆ.

ಆಯಿಲ್ ಹೆಚ್ಚು ಹಾಕಿದಷ್ಟೂ ಕ್ಷೇಮ ಎಂಬ ನಂಬಿಕೆ ಬಹಳ ಕಡೆ ಇದೆ. 50:1ರಲ್ಲಿ ಮಿಶ್ರಣದ ಶೇಕಡ 98ರಷ್ಟು ಪೆಟ್ರೋಲ್ ಇದ್ದರೆ 25:1ರಲ್ಲಿ ಅದು ಶೇಕಡ 96ಕ್ಕೆ ಇಳಿಯುತ್ತದೆ. ನೀಡಲ್ ಮುಟ್ಟದಿದ್ದರೆ ಎಂಜಿನ್‌ಗೆ ಹೋಗುವ ಪೆಟ್ರೋಲ್ ಅಷ್ಟು ಕಡಿಮೆಯಾಗುತ್ತದೆ, ಜೊತೆಗೆ ಪ್ಲಗ್ ಮತ್ತು ರಿಂಗ್‌ನಲ್ಲಿ ಮಸಿ ಹೆಚ್ಚುತ್ತದೆ. ಪ್ರಮಾಣ ಬದಲಿಸಿದಾಗಲೆಲ್ಲ ನೀಡಲ್ ಹೊಂದಾಣಿಕೆ ಮತ್ತೆ ಮಾಡಲೇಬೇಕು.

ಓಡಿಸಿ ಪರೀಕ್ಷಿಸುವುದು

ಹೊಸ ಮಿಶ್ರಣ ಹಾಕಿದ ಮೇಲೆ ಕಾರ್ಬ್ಯುರೇಟರಿನ ಹೈ ನೀಡಲನ್ನು (ಪೂರ್ತಿ ವೇಗದ ಇಂಧನ ಹೊಂದಿಸುವ ನೀಡಲ್) ಸ್ವಲ್ಪ ತೆರೆದು, ಪೆಟ್ರೋಲ್ ಹೆಚ್ಚಿರುವ ಕಡೆಯಿಂದಲೇ ಹೊಂದಾಣಿಕೆ ಆರಂಭಿಸಿ. ಪೂರ್ತಿ ಥ್ರಾಟಲ್‌ನಲ್ಲಿ ಗರಿಷ್ಠ ವೇಗ ಸಿಕ್ಕಿದ ಮೇಲೆ ಮತ್ತೆ ಒಂದಿಷ್ಟು ತೆರೆದೇ ಬಿಡಿ, ಅಲ್ಲಿಂದ ಕೊಂಚ ಕಡಿಮೆ ವೇಗದಲ್ಲಿ ಹಾರಿಸಿ. ಇ20ಗೆ ಇದು ಇನ್ನೂ ಮುಖ್ಯ.

ನಾಲ್ಕೈದು ಟ್ಯಾಂಕ್ ಮುಗಿದ ಮೇಲೆ ಎಂಜಿನ್ ತಣ್ಣಗಾದಾಗ ಪ್ಲಗ್ ಬಿಚ್ಚಿ ನೋಡಿ. ಮಧ್ಯದ ಪಿಂಗಾಣಿ ತಿಳಿ ಕಂದು ಬಣ್ಣದಲ್ಲಿದ್ದರೆ ಎಲ್ಲ ಸರಿಯಿದೆ. ಒದ್ದೆಯಾಗಿ ಕಪ್ಪಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಹೆಚ್ಚಾಗಿದೆ, ಬಿಳಿಚಿಕೊಂಡಿದ್ದರೆ ಎಂಜಿನ್ ಲೀನ್ ಆಗಿದೆ, ಹಾರಾಟ ನಿಲ್ಲಿಸಿ ನೀಡಲ್ ತೆರೆಯಿರಿ.

ಆಯಿಲ್‌ನ ನಿಜವಾದ ಗುಣ ತಿಳಿಯುವುದು ಸೈಲೆನ್ಸರ್ ಬಿಚ್ಚಿದಾಗ. ಪ್ರೊಪೆಲ್ಲರನ್ನು ಕೈಯಿಂದ ನಿಧಾನ ತಿರುಗಿಸುತ್ತ ಎಕ್ಸಾಸ್ಟ್ ಕಿಂಡಿಯಲ್ಲಿ ಟಾರ್ಚ್ ಬಿಟ್ಟರೆ ಪಿಸ್ಟನ್‌ನ ಪಕ್ಕ ಮತ್ತು ರಿಂಗ್ ಕಾಣುತ್ತವೆ. ರಿಂಗ್ ಕಿಂಡಿಗೆ ಎದುರಾದಾಗ ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಒತ್ತಿ. ಅದು ಒಳಗೆ ಹೋಗಿ ಸ್ಪ್ರಿಂಗಿನಂತೆ ಹಿಂದಕ್ಕೆ ಬರಬೇಕು. ಅಲುಗದಿದ್ದರೆ ತೋಡಿನಲ್ಲಿ ಮಸಿ ಕೂತಿದೆ. ಪಿಸ್ಟನ್‌ನ ಪಕ್ಕ ತೆಳು ಕಂದು ಬಣ್ಣವಿದ್ದರೆ ಚಿಂತೆಯಿಲ್ಲ, ಉದ್ದುದ್ದ ಗೀರುಗಳಿದ್ದರೆ ಆಯಿಲ್ ಪದರ ಹರಿದಿದೆ ಎಂದರ್ಥ. ಈ ಪರೀಕ್ಷೆಯನ್ನು ಒಂದು ಋತುವಿಗೆ ಒಮ್ಮೆಯಾದರೂ ಮಾಡಿ.

ಸಂಗ್ರಹ, ಮಳೆಗಾಲ ಮತ್ತು ಬದಲಾವಣೆ

ಸೀಲ್ ಒಡೆಯದ ಆಯಿಲ್ ಡಬ್ಬಿ ವರ್ಷಗಟ್ಟಲೆ ಕೆಡುವುದಿಲ್ಲ, ಬೆರೆಸಿದ ಪೆಟ್ರೋಲ್ ಹಾಗಲ್ಲ. ಇ20ಯಲ್ಲಿ ಮಾಡಿದ ಮಿಶ್ರಣವನ್ನು ಒಂದು ತಿಂಗಳೊಳಗೆ ಮುಗಿಸಿ. ಪ್ರತಿ ಬಾರಿ ಟ್ಯಾಂಕ್ ತುಂಬಿಸುವ ಮೊದಲು ಸ್ವಲ್ಪವನ್ನು ಗಾಜಿನ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿಯಿರಿ. ಮಬ್ಬಾಗಿದ್ದರೆ ಅಥವಾ ತಳದಲ್ಲಿ ಬೇರೆ ಪದರ ಕಂಡರೆ ಆ ಕ್ಯಾನ್ ವಿಮಾನಕ್ಕೆ ಬೇಡ.

ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾರಾಟ ನಿಂತೇ ಹೋಗುತ್ತದೆ. ಅದಕ್ಕೆ ಮೊದಲು ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಐಡಲ್‌ನಲ್ಲಿ ಓಡಿಸಿ ಕಾರ್ಬ್ಯುರೇಟರಿನಲ್ಲಿ ಉಳಿದದ್ದನ್ನೂ ಮುಗಿಸಿ. ತಣ್ಣಗಾದ ಮೇಲೆ ಪ್ಲಗ್ ತೆಗೆದು ಆ ರಂಧ್ರದಲ್ಲಿ ಕೆಲವು ಹನಿ ಅದೇ 2ಟಿ ಆಯಿಲ್ ಬಿಟ್ಟು, ಪ್ರೊಪೆಲ್ಲರನ್ನು ಹಲವು ಸುತ್ತು ಕೈಯಿಂದ ತಿರುಗಿಸಿ ಪ್ಲಗ್ ಹಾಕಿ. ತೇವದ ಗಾಳಿಯಲ್ಲಿ ಬೇರಿಂಗ್‌ಗಳಿಗೆ ತುಕ್ಕು ಹಿಡಿಯದಂತೆ ಇದು ತಡೆಯುತ್ತದೆ.

ಬಳಸುತ್ತಿದ್ದ ಆಯಿಲ್ ಮುಂದೊಮ್ಮೆ ಸಿಗದೆ ಬೇರೆಯದಕ್ಕೆ ಹೋಗಬೇಕಾದರೆ, ಅದೇ ದರ್ಜೆಯ ಇನ್ನೊಂದನ್ನು ಆರಿಸಿ, ಹಳೆಯ ಮಿಶ್ರಣವನ್ನು ಪೂರ್ತಿ ಮುಗಿಸಿ, ಕ್ಯಾನ್ ಖಾಲಿ ಮಾಡಿಯೇ ಹೊಸದನ್ನು ಬೆರೆಸಿ. ಮಿನರಲ್ ಆಯಿಲ್‌ನಲ್ಲಿ ಬಹುಕಾಲ ಓಡಿದ ಎಂಜಿನ್ ಸಿಂಥೆಟಿಕ್‌ಗೆ ಬಂದಾಗ ಹಳೆಯ ಮಸಿ ಸಡಿಲಗೊಂಡು ಮೊದಲ ಕೆಲವು ಟ್ಯಾಂಕ್‌ಗಳಲ್ಲಿ ಪ್ಲಗ್‌ಗೆ ಮೆತ್ತಿಕೊಳ್ಳಬಹುದು. ಆ ದಿನಗಳಲ್ಲಿ ಒಂದು ಹೊಸ ಪ್ಲಗ್ ಮತ್ತು ಪ್ಲಗ್ ಸ್ಪ್ಯಾನರನ್ನು ಮೈದಾನಕ್ಕೆ ಜೊತೆಯಲ್ಲೇ ಒಯ್ಯಿರಿ.